ಐದೂವರೆ ಅಂಗುಲ

ಅಧ್ಯಾಪನವೃತ್ತಿಯಿಂದ ನಿವೃತ್ತನಾದ ವರ್ಷ, ಹದಿನಾಲ್ಕು ಸಂವತ್ಸರಗಳಿಂದ ನೆರೆಮನೆಯ ಎಮ್ಮೆಗಳಿಗೆ ಗೋಮಾಳದಂತಿದ್ದ ನನ್ನ ನಿವೇಶನದಲ್ಲಿ ಸಣ್ಣದೊಂದು ಮನೆಯನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದಾಗ, ಅದನ್ನು ನೆಲದ ಮೇಲೆ ಕಟ್ಟುವುದಕ್ಕೆ ಮೊದಲು ಕಾಗದದ ಮೇಲೆ ಕಟ್ಟಿ ಮುಗಿಸಬೇಕೆಂಬ ಸಂಗತಿ ಸ್ಥೂಲವಾಗಿ ತಿಳಿದಿದ್ದಿತಾದರೂ, ಕಾಗದದ ಮನೆಯೇ ಹೆಚ್ಚು ಕಾಲವನ್ನು ನುಂಗೀತೆಂದು ನಾನು ಊಹಿಸಿರಲಿಲ್ಲ. ನಮ್ಮದು ಸಣ್ಣ ನಗರ. ಆದರೆ 1964ರ ಪುರಸಭೆಗಳ ಅಧಿನಿಯಮಕ್ಕೆ ಊರಿನ ಗಾತ್ರದ ಮೇಲೆ ದಾಕ್ಷಿಣ್ಯವಿಲ್ಲ. ಅನುಮತಿಯಿಲ್ಲದೆ ಎಬ್ಬಿಸಿದ ಗೋಡೆ ಎಲ್ಲಿದ್ದರೂ ಅಪರಾಧವೇ.

ಕ್ರಯಪತ್ರ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆಯ ನಕ್ಷೆ, ನಮೂನೆ-3ರ ಇ-ಖಾತೆ, ಚಾಲ್ತಿ ಸಾಲಿನ ಕಂದಾಯದ ರಸೀತಿ, ಇವೆಲ್ಲವನ್ನೂ ದಾರದಿಂದ ಕಟ್ಟಿ, ಇಂಜಿನಿಯರ್ ಬರೆದ ನಕ್ಷೆಯೊಡನೆ ಒಪ್ಪಿಸಿ, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಆಯುಷ್ಯವೆಲ್ಲ ತಪ್ಪು ಹುಡುಕಿದವನ ಕಡತದಲ್ಲಿ ತಪ್ಪೆಲ್ಲಿಂದ ಬಂದೀತೆಂಬ ಹಮ್ಮಿನಿಂದ ನಾನು ಪುರಸಭೆಯ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದೆನು. ವಿಷಯನಿರ್ವಾಹಕಿ ನನ್ನ ಮಗಳ ವಯಸ್ಸಿನವಳು. ಪುಟಗಳನ್ನು ತಿರುವುತ್ತಲೇ ಕೇಳಿದಳು: “ಸಾರ್, ನಿಮ್ಮ ಮನೆ ಬಾಗಿಲು ಯಾವ ಕಡೆಗೆ?”

“ಉತ್ತರಕ್ಕಮ್ಮ, ರಸ್ತೆಯ ಕಡೆಗೆ.”

“ಪತ್ರದಲ್ಲಿ ರಸ್ತೆ ಪೂರ್ವಕ್ಕಿದೆಯಲ್ಲ ಸಾರ್.”

ಪತ್ರಬರಹಗಾರನು ಪಕ್ಕದ ಸಾಲಿನ ಯಾವುದೋ ನಿವೇಶನದ ಚಕ್ಕುಬಂದಿಯನ್ನು ನನ್ನ ಪತ್ರಕ್ಕೆ ಇಳಿಸಿದ್ದನು. ಖಾತೆಯೂ ಅದನ್ನೇ ನಿಷ್ಠೆಯಿಂದ ಅನುಸರಿಸಿದ್ದಿತು. ಹದಿನಾಲ್ಕು ವರ್ಷ ಆ ಪತ್ರವನ್ನು ಕರ್ಪೂರದ ಗುಳಿಗೆಯೊಡನೆ ಟ್ರಂಕಿನಲ್ಲಿ ಕಾಪಾಡಿದ ನಾನು, ಒಂದು ದಿನವಾದರೂ ಅದನ್ನು ಹಿಡಿದು ನಿವೇಶನದ ನಡುವೆ ನಿಂತು, ನಾಲ್ಕು ದಿಕ್ಕಿಗೂ ತಿರುಗಿ ಓದಿರಲಿಲ್ಲ. ಅಳತೆಗೂ ಚಕ್ಕುಬಂದಿಗೂ ವಿರೋಧ ಬಂದಲ್ಲಿ ಸಾಮಾನ್ಯವಾಗಿ ಚಕ್ಕುಬಂದಿಯೇ ಪ್ರಬಲವೆಂಬ ನ್ಯಾಯಾಲಯದ ಸೂತ್ರವನ್ನು ವಕೀಲ ಮಿತ್ರರು ವಿವರಿಸಿದಾಗ, ಕಾಗದದ ಪ್ರಕಾರ ನಾನು ಪರರ ಜಾಗದಲ್ಲಿ ಮನೆ ಕಟ್ಟಲು ಹೊರಟಿದ್ದೆನೆಂಬುದು ಮನದಟ್ಟಾಯಿತು.

ಅಳತೆಯಾದರೂ ನೆಟ್ಟಗಿದ್ದಿತೇ? ಪತ್ರದಲ್ಲಿ 30 ಅಡಿಗೆ 40 ಅಡಿ. ಬಡಾವಣೆಯ ನಕ್ಷೆಯಲ್ಲಿ 9 ಮೀಟರಿಗೆ 12 ಮೀಟರು. ಇವೆರಡೂ ಒಂದೇ ಎಂದು ಊರೆಲ್ಲ ನಂಬಿದೆ, ನಾನೂ ನಂಬಿದ್ದೆನು. ಮೂವತ್ತು ಅಡಿಯೆಂದರೆ 9.14 ಮೀಟರು, ಅಗಲದಲ್ಲಿ ಸುಮಾರು ಐದೂವರೆ ಅಂಗುಲ, ಉದ್ದದಲ್ಲಿ ಏಳೂವರೆ ಅಂಗುಲ ನನಗೆ ಇಲ್ಲದ ಭೂಮಿ ಪತ್ರದಲ್ಲಿದ್ದಿತು. ಇಷ್ಟಕ್ಕೆ ಇಷ್ಟು ರಂಪವೇ ಎಂದು ಮೊದಲು ಮುನಿದೆನು. ಆದರೆ ಸಾಲಿನಲ್ಲಿ ಹತ್ತು ನಿವೇಶನಗಳಿದ್ದು, ಪ್ರತಿಯೊಬ್ಬನೂ ತನ್ನ ಪತ್ರದ ಅಡಿಗಳನ್ನೇ ಹಿಡಿದು ಗೋಡೆಯೆಬ್ಬಿಸಿದರೆ, ಕೊನೆಯವನಿಗೆ ಅವನ ಪತ್ರಕ್ಕಿಂತ ನಾಲ್ಕೂಮುಕ್ಕಾಲು ಅಡಿ ಭೂಮಿ ಕಡಿಮೆ ಬೀಳುವುದೆಂದು ಬೆಂಚಿನ ಮೇಲೆಯೇ ಲೆಕ್ಕ ಹಾಕಿದಾಗ ಮುನಿಸು ಇಳಿಯಿತು. ಮೆಟ್ರಿಕ್ ಮಾನವನ್ನು ದೇಶ 1956ರಲ್ಲೇ ಕಾಯಿದೆಯಾಗಿ ಅಂಗೀಕರಿಸಿದರೂ, ಭೂಮಿಯನ್ನು ಇಂದಿಗೂ ಅಡಿಯಲ್ಲಿ ಕೊಂಡು, ಗುಂಟೆಯಲ್ಲಿ ಹೊಗಳಿ, ಮೀಟರಿನಲ್ಲಿ ಅರ್ಜಿ ಹಾಕುವವರು ನಾವು.

ಗೇಟಿನ ಬಳಿಯ ಬೇವಿನ ಮರದಡಿ ಒಬ್ಬ ಮಹನೀಯನು, ಇದನ್ನೆಲ್ಲ ತಾನು ‘ಅಡ್ಜಸ್ಟ್’ ಮಾಡಿಸುವೆನೆಂದು ಸೂಚಿಸಿದನು. ನಾನು ಒಪ್ಪಲಿಲ್ಲ, ಅದರಲ್ಲಿ ಧರ್ಮಬುದ್ಧಿ ಎಷ್ಟು, ಜಿಪುಣತನ ಎಷ್ಟು ಎಂಬ ವಿಭಾಗಕ್ಕೆ ಕೈಹಾಕುವುದಿಲ್ಲ. ಸಕಾಲ ಕಾಯಿದೆ ಕಚೇರಿಗೆ ಗಡುವು ವಿಧಿಸಿದೆ, ನಿಜ. ಅರ್ಜಿದಾರನ ಟ್ರಂಕಿನೊಳಗಿನ ತಪ್ಪಿಗೆ ಅದು ಯಾವ ಗಡುವನ್ನೂ ಹೇಳಿಲ್ಲ.

ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿ ಬೇಕು. ಆ ಹಿರಿಯರು ಮಗಳ ಊರು ಸೇರಿದ್ದರು. ಹುಡುಕಿ ಹೋಗಿ ಕೈಮುಗಿದಾಗ, ಹಣದ ಮಾತನ್ನೇ ಎತ್ತದೆ ನನ್ನೊಡನೆ ಬಸ್ಸು ಹತ್ತಿ ಬಂದು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಡುಗುವ ಹೆಬ್ಬೆರಳನ್ನು ಯಂತ್ರದ ಮೇಲೆ ಮೂರು ಸಲ ಒತ್ತಿದರು. ತಮ್ಮ ರಾಗಿಹೊಲವಾಗಿದ್ದ ಬಡಾವಣೆಯನ್ನು ನೋಡಲು ಬನ್ನಿರೆಂದರೆ ಒಲ್ಲೆನೆಂದರು. “ಆ ಹುಣಿಸೆಮರ ಐತಾ ಸ್ವಾಮಿ?” ಎಂದಷ್ಟೇ ಕೇಳಿದರು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಖಾತೆ ತಿದ್ದುಪಡಿಯಾಯಿತು, ಮನೆ ಕುಗ್ಗಿತು. ಇಕ್ಕೆಲಗಳಲ್ಲೂ ಒಂದೊಂದು ಮೀಟರು ಬಿಟ್ಟು ಉಳಿದ ಏಳರೊಳಗೆ ಎಲ್ಲವನ್ನೂ ಅಡಕಮಾಡಬೇಕಾದಾಗ ನನ್ನಾಕೆ, “ದೇವರ ಮನೆ ಮುಟ್ಟಬೇಡಿ, ಬೇಕಾದರೆ ನಿಮ್ಮ ಪುಸ್ತಕದ ಬೀರು ಚಿಕ್ಕದಾಗಲಿ” ಎಂದು ತೀರ್ಪಿತ್ತಳು. ಚಲನ್ನುಗಳಲ್ಲಿ ಹಲವು ಶುಲ್ಕಗಳನ್ನು ಗೊಣಗುತ್ತ ಕಟ್ಟಿದೆನು. 1996ರ ಕಾಯಿದೆಯಂತೆ ಕಟ್ಟಡ ಕಾರ್ಮಿಕರ ಕ್ಷೇಮನಿಧಿಗೆ ಹೋಗುತ್ತಿದ್ದ, ವೆಚ್ಚದ ಶೇಕಡಾ 1ರ ಸುಂಕವೊಂದನ್ನು ಮಾತ್ರ ಗೊಣಗದೆ ಕೊಟ್ಟೆನು.

ಗುದ್ದಲಿಪೂಜೆಯ ಬೆಳಗ್ಗೆ, ಮುದ್ರೆ ಬಿದ್ದ ನಕ್ಷೆಯನ್ನು ಹರಡಿ, “ಏಳು ಮೀಟರು” ಎಂದು ಗಂಭೀರವಾಗಿ ಓದಿದೆನು. ಮೇಸ್ತ್ರಿ ಗೂಟ ಹಿಡಿದು ನಿಂತಿದ್ದನು. “ಅದೆಲ್ಲ ಬೇಡಿ ಸ್ವಾಮಿ, ಅಡೀಲಿ ಹೇಳಿ.” ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿ, “ಇಪ್ಪತ್ತೆರಡಡಿ, ಹನ್ನೊಂದೂವರೆ ಅಂಗುಲ” ಎಂದೆನು.

“ಇಪ್ಪತ್ಮೂರೇ ಅನ್ನಿ” ಎಂದು ಅವನು ದಾರ ಎಳೆದನು.

“ಬೇಡಪ್ಪ” ಎಂದು ನಾನು ಬಗ್ಗಿ ಗೂಟವನ್ನು ಅರ್ಧ ಅಂಗುಲ ಒಳಕ್ಕೆ ಸರಿಸಿದೆನು.