ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಹಳೆಯ ಪಿಕಪ್ ಒಂದನ್ನು ಕೊಂಡು, ಬಿಡುವಿನ ದಿನಗಳಲ್ಲಿ ಕೈಯಾರೆ ಸರಿಪಡಿಸಿ ಮತ್ತೆ ರಸ್ತೆಗಿಳಿಸುವ ಆಸೆ ನಿಮಗಿದೆ ಎಂದು ತಿಳಿದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಪಾನಾ ಹಿಡಿದು ರೂಢಿಯಿಲ್ಲದಿರಬಹುದು. ಬಾನೆಟ್ ಎತ್ತಿದರೆ ಯಾವುದು ಏನೆಂದು ತಿಳಿಯದಿರಬಹುದು. ಅದರಿಂದ ತೊಂದರೆಯಿಲ್ಲ. ಬೆಂಗಳೂರಿನ ಪುಟ್ಟೇನಹಳ್ಳಿಯ 30-40 ಅಡಿ ಸೈಟಿನ ಮನೆಯ ಮುಂದೆ ಒಂದು ಗಾಡಿ ನಿಲ್ಲುವಷ್ಟು ಗಟ್ಟಿ ನೆಲ, ಮೇಲೊಂದು ತಗಡಿನ ಚಾವಣಿ, ಒಂದು ನೋಟ್‌ಬುಕ್ಕು, ಆತುರವಿಲ್ಲದ ಮನಸ್ಸು ಇದ್ದರೆ ಶುರು ಮಾಡಲು ಸಾಕು.

ಪಿಕಪ್ ಎಂದರೆ ಮುಂದೆ ಚಾಲಕನ ಕ್ಯಾಬಿನ್, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ ಇರುವ ಸಣ್ಣ ಸರಕು ಗಾಡಿ. ನಮ್ಮ ಕಡೆ ಹಳೆಯದೆಂದು ಸಿಗುವವು ಮುಖ್ಯವಾಗಿ ಎರಡು ಮನೆತನದವು. ಒಂದು, ಮಹೀಂದ್ರದ ಜೀಪ್ ವಂಶ. 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪನ್ನು ಮುಂಬೈಯಲ್ಲಿ ಜೋಡಿಸುವುದರಿಂದ ಆರಂಭವಾದ ಈ ಸಾಲಿನ ಗಾಡಿಗಳು ಕೊಡಗು, ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ದಶಕಗಳ ಕಾಲ ಮೂಟೆ ಹೊತ್ತಿವೆ. ಇನ್ನೊಂದು, 1988ರಲ್ಲಿ ಟಾಟಾ ಹೊರತಂದ ಟಾಟಾಮೊಬೈಲ್ ಮತ್ತು ಅದರ ಬೆನ್ನಿಗೆ ಬಂದ 207. ಹೊಸಬರಿಗೆ ನಾನು ಹೇಳುವುದು ಮೂತಿ ಮುಂದೆ ಚಾಚಿರುವ ಜೀಪ್ ಪಿಕಪ್ಪನ್ನೇ. ಅದರಲ್ಲಿ ಕಂಪ್ಯೂಟರ್ ಇಲ್ಲ, ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ, ಬಿಡಿಭಾಗಗಳು ಈಗಲೂ ಸಿಗುತ್ತವೆ. ಅದೇ ಮನೆತನದ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಮಾದರಿಯ ಗಾಡಿ ನೋಡಲು ಬಹಳ ಮುದ್ದು. ಆದರೆ ಅದರಲ್ಲಿ ಚಾಲಕ ಎಂಜಿನ್ನಿನ ಪಕ್ಕದಲ್ಲೇ ಕೂರುವಂತಿದ್ದು, ಕೈಯಾಡಿಸಲು ಜಾಗವಿಲ್ಲ. ಮೊದಲ ಗಾಡಿಯಾಗಿ ಅದು ಬೇಡ.

ಕೊಳ್ಳುವ ಮೊದಲು ಚಾಸಿಸ್ ನೋಡಿ. ಚಾಸಿಸ್ ಎಂದರೆ ಗಾಡಿಯ ಬೆನ್ನೆಲುಬು: ಮುಂದಿನಿಂದ ಹಿಂದಿನವರೆಗೆ ಸಾಗುವ ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಎಂಜಿನ್, ಕ್ಯಾಬಿನ್, ತೊಟ್ಟಿ, ಚಕ್ರ ಎಲ್ಲವೂ ಇದಕ್ಕೇ ಕಚ್ಚಿಕೊಂಡಿವೆ. ಹಾಳಾದ ಎಂಜಿನ್ನನ್ನು ಬದಲಿಸಬಹುದು, ಬಾಗಿಲನ್ನು ಹೊಸದಾಗಿ ಮಾಡಿಸಬಹುದು. ಆದರೆ ಚಾಸಿಸ್ ಒಳಗಿನಿಂದ ಕೊಳೆತಿದ್ದರೆ ಗಾಡಿಯೇ ಇಲ್ಲ. ಒಂದು ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಕಣಕಣ ಎನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದೆ, ಪದರ ಉದುರುತ್ತದೆ. ಸ್ಪ್ರಿಂಗ್ ಪಟ್ಟಿಗಳು ಚಾಸಿಸ್‌ಗೆ ತಗಲಿಕೊಳ್ಳುವ ಜಾಗ, ತೊಟ್ಟಿಯ ಅಡಿಭಾಗ, ಕೆಸರು ಸೇರಿ ಒಣಗದೆ ಉಳಿಯುವ ಮೂಲೆಗಳು, ಇವನ್ನು ಎರಡೆರಡು ಸಲ ನೋಡಿ. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ, ಉಪ್ಪು ಅದನ್ನು ಅವಸರಪಡಿಸುತ್ತದೆ. ಆದ್ದರಿಂದ ಮಂಗಳೂರು, ಕಾರವಾರದ ಕಡೆ ಬಾಳಿದ ಗಾಡಿಗಿಂತ ಬಯಲುಸೀಮೆಯ ಗಾಡಿ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಹೊಸ ಬಣ್ಣ ಬಳಿದು ಮಿರಮಿರ ಮಿಂಚುವ ಗಾಡಿಗಿಂತ, ಬಣ್ಣ ಮಾಸಿ ನಿಜರೂಪ ತೋರಿಸುವ ಗಾಡಿಯನ್ನೇ ನಾನು ನಂಬುತ್ತೇನೆ.

ಕಾಗದಪತ್ರವೂ ಅಷ್ಟೇ ಮುಖ್ಯ. ಚಾಸಿಸ್ ಮೇಲೆ ಒತ್ತಿರುವ ಸಂಖ್ಯೆ, ಎಂಜಿನ್ ಮೇಲಿನ ಸಂಖ್ಯೆ, ಆರ್‌ಸಿ ಪುಸ್ತಕದಲ್ಲಿರುವ ಸಂಖ್ಯೆ, ಮೂರನ್ನೂ ಹಣ ಕೊಡುವ ಮೊದಲು ತಾಳೆ ನೋಡಿ. ಪಿಕಪ್ಪುಗಳು ಹೆಚ್ಚಾಗಿ ಸರಕು ವಾಹನವೆಂದು ಹಳದಿ ಬೋರ್ಡಿನಲ್ಲಿ ನೋಂದಣಿಯಾಗಿರುತ್ತವೆ. ಅವಕ್ಕೆ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಸ್ವಂತ ಬಳಕೆಯ ಬಿಳಿ ಬೋರ್ಡಿನ ಗಾಡಿಗೆ 15 ವರ್ಷವಾದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಿಮ್ಮ ಕೈಗೆ ಬಂದದ್ದು ಸರಕು ವಾಹನವೆಂದಲ್ಲದೆ ಪ್ರಯಾಣಿಕ ವಾಹನವೆಂದು ನೋಂದಣಿಯಾಗಿ 50 ವರ್ಷ ದಾಟಿದ್ದಾದರೆ ಇನ್ನೊಂದು ದಾರಿಯಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ವಾಣಿಜ್ಯಕ್ಕೆ ಬಳಸದ, ಮೂಲ ರೂಪದಲ್ಲೇ ಉಳಿದ ಅಂಥ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಪಡೆಯಬಹುದು. ಆದರೆ ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲವೇ ಕಾರಣಗಳಿಗೆ ಅದನ್ನು ರಸ್ತೆಗೆ ತರಬಹುದೇ ಹೊರತು ದಿನವೂ ಓಡಿಸುವಂತಿಲ್ಲ. ನಿಮಗೆ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ.

ಗಾಡಿ ಮನೆಗೆ ಬಂತು. ಈಗ ಹೆಚ್ಚಿನವರಿಗೆ ಎರಡು ಆಸೆಗಳು ಒಟ್ಟಿಗೇ ಬರುತ್ತವೆ: ಎಂಜಿನ್ ಶುರು ಮಾಡಿ ನೋಡುವುದು, ಮತ್ತು ಬಣ್ಣ ಹೊಡೆಸುವುದು. ಎರಡನ್ನೂ ತಡೆದುಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿಲ್ಲಲು ಬಾರದ ಗಾಡಿ ಓಡಬಾರದು. ಮೊದಲ ಕೆಲಸ ಬ್ರೇಕಿನದು.

ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಕೊಳವೆಯೊಳಗೆ ಒಂದು ಬಿರಡೆ ಮುಂದೆ ಸರಿದು, ಬ್ರೇಕ್ ಆಯಿಲ್ ಎಂಬ ದ್ರವವನ್ನು ತಳ್ಳುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು. ಹಾಗಾಗಿ ಆ ಒತ್ತಡ ತೆಳುವಾದ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹಾಗೆಯೇ ತಲುಪುತ್ತದೆ. ಅಲ್ಲಿ ವೀಲ್ ಸಿಲಿಂಡರಿನ ಬಿರಡೆಗಳು ಹೊರಚಾಚಿ, ಬ್ರೇಕ್ ಶೂ ಎಂಬ ಎರಡು ಬಾಗಿದ ಪಟ್ಟಿಗಳನ್ನು ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಉಜ್ಜಾಟದಿಂದ ಚಕ್ರ ನಿಲ್ಲುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಮಾರ್ಗ. ಒಂದು ಕಡೆ ಪೈಪು ಸೋರಿದರೂ ನಾಲ್ಕರ ಬ್ರೇಕೂ ಹೋಗುತ್ತದೆ. ಆದ್ದರಿಂದ ಇಲ್ಲಿ ಉಳಿತಾಯದ ಯೋಚನೆ ಬೇಡ. ರಬ್ಬರ್ ಹೋಸುಗಳು, ಸಿಲಿಂಡರಿನೊಳಗಿನ ರಬ್ಬರ್ ಕಪ್ಪುಗಳು, ತುಕ್ಕು ಹಿಡಿದ ಪೈಪುಗಳು, ಎಲ್ಲವನ್ನೂ ಹೊಸದಾಗಿ ಹಾಕಿ.

ಚಕ್ರ ಕಳಚುವ ಮೊದಲು ಒಂದು ಎಚ್ಚರಿಕೆ. ಜಾಕ್ ಇರುವುದು ಎತ್ತಲಿಕ್ಕೆ. ಗಾಡಿಯನ್ನು ಹೊತ್ತು ನಿಲ್ಲಲಿಕ್ಕಲ್ಲ. ಎತ್ತಿದ ಕೂಡಲೇ ಚಾಸಿಸ್ ಕೆಳಗೆ ಉಕ್ಕಿನ ಸ್ಟ್ಯಾಂಡ್ ಇಡಿ, ನೆಲದ ಮೇಲಿರುವ ಚಕ್ರಗಳಿಗೆ ಮರದ ತುಂಡು ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಇಡಬೇಡಿ, ಅವು ಹೇಳದೆ ಸೀಳುತ್ತವೆ. ಡ್ರಮ್ಮಿನೊಳಗಿನ ಪುಡಿಯನ್ನು ಊದಬೇಡಿ. ಬ್ರೇಕ್ ಶೂ ಮೇಲಿನ ಹಳೆಯ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆಯಿದ್ದು ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಹೊಸ ಭಾಗ ಹಾಕಿದ ಮೇಲೆ ಪೈಪುಗಳಲ್ಲಿ ಗಾಳಿ ಉಳಿದಿರುತ್ತದೆ. ಗಾಳಿ ಕುಗ್ಗುವ ವಸ್ತು. ನಿಮ್ಮ ಕಾಲಿನ ಬಲವೆಲ್ಲ ಅದನ್ನು ಅದುಮುವುದರಲ್ಲೇ ಕಳೆದುಹೋಗಿ ಪೆಡಲ್ ಮೆತ್ತಗಾಗುತ್ತದೆ. ಆ ಗಾಳಿಯನ್ನು ಹೊರತೆಗೆಯುವುದಕ್ಕೆ ಗ್ಯಾರೇಜಿನಲ್ಲಿ ಬ್ಲೀಡಿಂಗ್ ಎನ್ನುತ್ತಾರೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂಬದಿಯ ಸಣ್ಣ ನಿಪ್ಪಲ್ ಸಡಿಲಿಸಿ, ಗುಳ್ಳೆ ಸಹಿತ ದ್ರವ ಹೊರಬಂದ ಮೇಲೆ ಬಿಗಿಗೊಳಿಸಬೇಕು. ಅದು ಬಿಗಿಯಾಗುವ ತನಕ ಪೆಡಲ್ ಬಿಡಬಾರದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಗುಳ್ಳೆ ನಿಂತು ಪೆಡಲ್ ಕಲ್ಲಿನಂತೆ ಗಟ್ಟಿಯಾದಾಗ ನಿಮಗಾಗುವ ಸಂತೋಷವನ್ನು ನಾನು ಬಲ್ಲೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ 2 ವರ್ಷಕ್ಕೊಮ್ಮೆ ಬದಲಿಸಿ.

ಈಗ ಎಂಜಿನ್. ಜೀಪ್ ವಂಶದಲ್ಲಿ ಪೆಟ್ರೋಲಿನವೂ ಇವೆ, ಡೀಸೆಲಿನವೂ ಇವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ಹಚ್ಚಬೇಕು. ಡೀಸೆಲಿನಲ್ಲಿ ಕಿಡಿಯಿಲ್ಲ, ಗಾಳಿಯನ್ನೇ ಹಲವು ಪಟ್ಟು ಅದುಮಿದಾಗ ಅದು ಎಷ್ಟು ಕಾಯುತ್ತದೆಂದರೆ, ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪ್ಯೂಜೋ ವಿನ್ಯಾಸದ, ಎಕ್ಸ್‌ಡಿಪಿ 4.90 ಎಂಬ ಎಂಜಿನ್ ಹಳೆಯ ಮಹೀಂದ್ರಗಳಲ್ಲಿ ನಿಮಗೆ ಎದುರಾಗುತ್ತದೆ. ಹೆಸರಿನಲ್ಲೇ ವಿವರವಿದೆ: 4 ಸಿಲಿಂಡರು, ಒಂದೊಂದರ ಅಗಲ 90 ಮಿ.ಮೀ.; ಒಟ್ಟು ಗಾತ್ರ 2112 ಸಿಸಿ. ತಣ್ಣಗಿರುವಾಗ ಶುರುವಾಗಲು ಇದಕ್ಕೆ ಹೀಟರ್ ಪ್ಲಗ್ಗಿನ ನೆರವು ಬೇಕು. ಪ್ರತಿ ಸಿಲಿಂಡರಿಗೆ ಒಂದರಂತೆ ಇರುವ, ವಿದ್ಯುತ್ತಿನಿಂದ ಕೆಂಪಗೆ ಕಾಯುವ ಪುಟ್ಟ ಕಡ್ಡಿಗಳಿವು.

ಬಹುಕಾಲ ನಿಂತಿದ್ದ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಒಳಗೆ ಎಣ್ಣೆಯ ಪದರ ಇಳಿದುಹೋಗಿ ಲೋಹಕ್ಕೆ ಲೋಹ ತಾಗಿ ಕೂತಿರುತ್ತದೆ. ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಗೇರ್ ನ್ಯೂಟ್ರಲಿನಲ್ಲಿಟ್ಟು, ಪ್ಲಗ್ಗುಗಳನ್ನು ಇನ್ನೂ ಹಾಕದೆ, ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ. ಸರಾಗವಾಗಿ ತಿರುಗಿದರೆ ಅರ್ಧ ಭಯ ಕಳೆಯಿತು. ಹಳೆಯ ಡೀಸೆಲನ್ನು ಪೂರ್ತಿ ಇಳಿಸಿ, ಟ್ಯಾಂಕ್ ತೊಳೆಸಿ, ಫಿಲ್ಟರ್ ಬದಲಿಸಿ, ಎಂಜಿನ್ ಆಯಿಲ್ ಹೊಸದು ತುಂಬಿ, ರೇಡಿಯೇಟರಿಗೆ ಶೀತಕ ಹಾಕಿ. ಡೀಸೆಲ್ ಪಂಪು, ನಾಝಲ್, ಗೇರ್‌ಬಾಕ್ಸು ಇವಕ್ಕೆ ಮಾತ್ರ ನೀವು ಕೈಹಾಕಬೇಡಿ. ಪಂಪಿನ ಕೆಲಸಕ್ಕೆ ಪರೀಕ್ಷಾ ಯಂತ್ರವಿರುವ ಅಂಗಡಿ ಬೇಕು. ಗೇರ್‌ಬಾಕ್ಸಿಗೆ ಅನುಭವಿ ಮೇಸ್ತ್ರಿ ಬೇಕು. ಅವರ ಪಕ್ಕ ನಿಂತು ನೋಡಿ, ಕೇಳಿ. ಹಳೆಯ ಮೇಸ್ತ್ರಿಗಳು ಆಸಕ್ತಿಯಿಂದ ಕೇಳುವವರಿಗೆ ಧಾರಾಳವಾಗಿ ಹೇಳಿಕೊಡುತ್ತಾರೆ.

ತೆಗೆದ ಹಳೆಯ ಆಯಿಲನ್ನು ಎಲ್ಲಿ ಹಾಕುತ್ತೀರಿ? ಈ ಪ್ರಶ್ನೆ ನನಗೆ ಬಹಳ ಮುಖ್ಯ. ನಮ್ಮ ಬಡಾವಣೆಯ ಚರಂಡಿಗೆ ಬಿದ್ದದ್ದು ಮಳೆನೀರಿನ ಜೊತೆ ಕೆರೆಗಳ ದಾರಿ ಹಿಡಿಯುತ್ತದೆ. ಪುಟ್ಟೇನಹಳ್ಳಿಯ ಕೆರೆ ಬತ್ತಿ ಹಾಳಾಗಿದ್ದಾಗ, ಇಲ್ಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಅದರ ಆರೈಕೆಗೆ ನಿಂತರು. ಈಗ ಅಲ್ಲಿ ಹಕ್ಕಿಗಳಿವೆ. ಆ ನೀರಿನ ಮೇಲೆ ನಮ್ಮ ಹವ್ಯಾಸದ ಎಣ್ಣೆ ತೇಲಬಾರದು. ಕ್ಯಾನಿನಲ್ಲಿ ತುಂಬಿಸಿ ಮುಚ್ಚಳ ಬಿಗಿದು, ಬಳಸಿದ ಆಯಿಲನ್ನು ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೆ ಹೋಗಬೇಕು. ಜೆ.ಪಿ. ನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಅಲ್ಲಿಂದ ಹತ್ತಿರ. ಹಳೆಯ ಭಾಗವನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಒಂದೇ ಮಾದರಿಯ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಬೇರಿಂಗು, ಪ್ಯಾಕಿಂಗುಗಳ ಅಳತೆ ಬೇರೆಯಾಗಿರಬಹುದು. ಬಾಯಲ್ಲಿ ವರ್ಣಿಸುವುದಕ್ಕಿಂತ ಮೇಜಿನ ಮೇಲಿಟ್ಟು ತೋರಿಸುವುದು ಮೇಲು. ಬಿಚ್ಚುವಾಗಲೂ ಇದೇ ಶಿಸ್ತು ಇರಲಿ: ಫೋಟೊ ತೆಗೆಯಿರಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಟಿಂಕರಿಂಗ್ ಮತ್ತು ಬಣ್ಣ ಕೊನೆಗೆ. ಟಿಂಕರಿಂಗ್ ಎಂದರೆ ತಗ್ಗು ಬಿದ್ದ ತಗಡನ್ನು ತಟ್ಟಿ ನೇರ ಮಾಡುವ, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಳಗೆ ಅದು ಬೆಳೆಯುತ್ತಲೇ ಹೋಗುತ್ತದೆ. ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅದೇ ದಿನ ಪ್ರೈಮರ್ ಬಳಿಯಿರಿ. ಪ್ರೈಮರ್ ಎಂದರೆ ಲೋಹಕ್ಕೂ ಬಣ್ಣಕ್ಕೂ ನಡುವೆ ಹಿಡಿತ ಕೊಡುವ ಮೊದಲ ಲೇಪ. ಬೆಂಗಳೂರಿನಲ್ಲಿ ಇದಕ್ಕೆ ತಕ್ಕ ಕಾಲ ಜನವರಿಯಿಂದ ಮಾರ್ಚ್. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ತೇವ ಬಣ್ಣದ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಮೊದಲ ಓಡಾಟವನ್ನು ಭಾನುವಾರ ಬೆಳಗ್ಗೆ, ಬಡಾವಣೆಯ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ ಮಾಡಿ, ನಾಲ್ಕಾರು ಸಲ ಬ್ರೇಕ್ ಒತ್ತಿ ನೋಡಿ. ಆಮೇಲೆ ಕೆಲವು ಕಿ.ಮೀ. ಹೋಗಿ ಬಂದು, ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ಶಾಖ ನೋಡಿ, ತಾಗಿಸಬೇಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಶೂ ಉಜ್ಜುತ್ತಿದೆ. ಅಡ್ಜಸ್ಟರ್ ಸ್ವಲ್ಪ ಸಡಿಲಿಸಿ. ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ.

ಮುಂದಿನದು ನಿತ್ಯದ ಆರೈಕೆ. ಸ್ಪ್ರಿಂಗ್ ಪಟ್ಟಿಯನ್ನು ಚಾಸಿಸ್‌ಗೆ ಸೇರಿಸುವ ಶ್ಯಾಕಲ್, ಸ್ಟಿಯರಿಂಗಿನ ಕೀಲು, ಎಂಜಿನ್ನಿನ ಬಲವನ್ನು ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೀಲು, ಇಲ್ಲೆಲ್ಲ ಗ್ರೀಸ್ ನಿಪ್ಪಲ್ಲುಗಳಿವೆ. ಸುಮಾರು 1,600 ಕಿ.ಮೀ.ಗೊಮ್ಮೆ ಗ್ರೀಸ್ ಗನ್ನಿನಿಂದ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಒತ್ತಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. 15 ದಿನಕ್ಕೊಮ್ಮೆ ಓಡಿಸಿ. ಬರೀ ಐದು ನಿಮಿಷ ಶುರು ಮಾಡಿ ಆರಿಸಿಬಿಟ್ಟರೆ ಎಂಜಿನ್ನಿನೊಳಗೆ ಹುಟ್ಟಿದ ತೇವ ಆಯಿಲಿನಲ್ಲೇ ಉಳಿಯುತ್ತದೆ. ಕನಕಪುರ ರಸ್ತೆಯ ಕಡೆಗೆ ಅರ್ಧ ಗಂಟೆ, ಎಂಜಿನ್ ಚೆನ್ನಾಗಿ ಕಾದು ಆ ತೇವ ಆವಿಯಾಗಿ ಹೋಗುವಷ್ಟು ಓಡಿಸಿಕೊಂಡು ಬನ್ನಿ.