ಪೇಂಟ್‌ಬಾಲ್ ಬಂದೂಕಿನ ಒದೆತ

ಹುಟ್ಟುಹಬ್ಬಕ್ಕೆಂದು ಪೇಂಟ್‌ಬಾಲ್ ಮೈದಾನಕ್ಕೆ ಹೋಗುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆ ಆಟದ ಬಂದೂಕಿಗೆ ‘ಮಾರ್ಕರ್’ ಎನ್ನುತ್ತಾರೆ. ಗುಂಡು ಹಾರಿದಾಗ ಅದು ಕೈಯನ್ನು ಹಿಂದಕ್ಕೆ ಒದೆಯುವುದು ತೀರಾ ಕಡಿಮೆ. ಏಕೆಂದು ಲೆಕ್ಕ ಹಾಕೋಣ.

ಬಣ್ಣದ ಗುಂಡಿನ ತೂಕ ಸುಮಾರು 3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 90 ಮೀಟರ್. ಗಾಳಿಯ ಸಿಲಿಂಡರ್ ಸೇರಿ ಮಾರ್ಕರ್ 1.5 ಕಿಲೋ ಎಂದಿಟ್ಟುಕೊಳ್ಳೋಣ. ಗುಂಡಿನ 500 ಪಟ್ಟು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ, ಗುಂಡು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಮಾರ್ಕರ್ ಹಿಂದಕ್ಕೆ ಪಡೆಯುತ್ತದೆ. ಆದರೆ ಅದರ ವೇಗ 500ರಲ್ಲಿ ಒಂದು ಪಾಲು, ಅಂದರೆ ಸೆಕೆಂಡಿಗೆ 18 ಸೆಂಟಿಮೀಟರ್. (ಹೊರನುಗ್ಗುವ ಗಾಳಿಯ ಪಾಲನ್ನು ಇಲ್ಲಿ ಬಿಟ್ಟಿದ್ದೇವೆ.)

ಒದೆತ ಇಷ್ಟೇ ಎಂದು ಇದನ್ನು ಆಟಿಕೆ ಎಂದುಕೊಳ್ಳುವವರುಂಟು. ಸಂವೇಗ ಸಮನಾದರೂ ಶಕ್ತಿ ಹಾಗಲ್ಲ. ಗುಂಡಿಗೆ ಸಿಗುವುದು ಸುಮಾರು 12 ಜೂಲ್. ಒಂದೂಕಾಲು ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು! ಕೈಗೆ ಬರುವುದು ಅದರ 500ರಲ್ಲಿ ಒಂದು ಪಾಲು. ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಆಟದ ನಡುವೆ ಬೆವರು ಬಂತೆಂದು ಮುಖವಾಡ ತೆಗೆಯಬಾರದೆಂದು ಮಕ್ಕಳಿಗೆ ಹೇಳಿ ಕಳಿಸೋಣ.

ಕೆಲವು ಮಾರ್ಕರ್‌ಗಳು ಹೆಚ್ಚು ಜಗ್ಗುತ್ತವಲ್ಲ, ಅದಕ್ಕೆ ಗುಂಡು ಅಷ್ಟಾಗಿ ಕಾರಣವಲ್ಲ. ಒಳಗೆ ಹಿಂದೆ ಮುಂದೆ ಓಡಿ ತಟ್ಟನೆ ನಿಲ್ಲುವ ಭಾರದ ಹ್ಯಾಮರ್ ಕಾರಣ.