ಹೊಟ್ಟೆಯ ಸುದ್ದಿ ಮೊದಲು ಯಾರ ಕಿವಿಗೆ? ಹಳ್ಳಿಯ ನರ್ಸ್ ಒಬ್ಬಳ ಹತ್ತು ಪಾಠಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಈ ನಾಲ್ಕೂ ತಾಲೂಕುಗಳ ಉಪಕೇಂದ್ರಗಳಲ್ಲಿ ನಾನು ಸರಕಾರಿ ನರ್ಸಾಗಿ ದುಡಿದಿದ್ದೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆರಿಗೆ ಎಂದರೆ ಮನೆಯ ಮೂಲೆ, ಸೂಲಗಿತ್ತಿ, ಒಂದು ಬ್ಲೇಡು. ಆಮೇಲೆ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2008ರ ನವೆಂಬರಿನಲ್ಲಿ 108 ಗಾಡಿ ಬಂತು. ನಾನು ನಿವೃತ್ತಳಾಗುವ ಹೊತ್ತಿಗೆ ನಮ್ಮ ಕಡೆ ಮನೆ ಹೆರಿಗೆ ಅಪರೂಪವಾಗಿತ್ತು. ಆದರೆ ಒಂದು ಸಂಗತಿ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಬಸಿರಿನ ಸುದ್ದಿ ಬೇಕಾದವರ ಕಿವಿಗೆ ತಡವಾಗಿಯೇ ತಲುಪುತ್ತಿತ್ತು. ಕೂಸಿನ ಸಿದ್ಧತೆ ಶುರುವಾಗುವುದೇ ಆ ಸುದ್ದಿ ಹೇಳಿದ ದಿನದಿಂದ ಎಂಬುದು ನನ್ನ ಅನುಭವದ ಸಾರ. ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಊರಿಗೆ ಹೇಳಬೇಡಿ, ಆಶಾಗೆ ಹೇಳಿ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊಸದರಲ್ಲಿ ನಾನು ಅದರ ಮೇಲೆ ಜಗಳಕ್ಕೆ ನಿಲ್ಲುತ್ತಿದ್ದೆ. ಫಲ ಇಷ್ಟೇ: ನನ್ನನ್ನು ಕಂಡರೆ ಹೆಣ್ಣುಮಕ್ಕಳು ಒಳಗೆ ಹೋಗಿಬಿಡುತ್ತಿದ್ದರು. ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಚೊಚ್ಚಲ ಬಸುರಿಯೊಬ್ಬಳು ಐದು ತಿಂಗಳಾದ ಮೇಲೆ ನನ್ನ ಮುಂದೆ ಬಂದು ಕೂತಳು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿತ್ತು. "ಮೊದಲ ಯಾಕ ಹೇಳಲಿಲ್ಲ ತಂಗಿ?" ಎಂದೆ. "ಯಾರಿಗೂ ಹೇಳಬ್ಯಾಡ ಅಂದಿದ್ರು ಅಕ್ಕಾರ, ನಿಮಗೂ ಹೇಳಬಾರದು ಅಂತ ತಿಳಕೊಂಡೆ" ಎಂದಳು.

ಅಂದಿನಿಂದ ನಾನು ಮಾತು ಬದಲಿಸಿದೆ. ಊರಿಗೆ ಹೇಳಬೇಡಿ, ಸಂತೋಷ. ಆದರೆ ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ಒಂದು ಮಾತು ಹಾಕಿ. ಮೂತ್ರ ಪರೀಕ್ಷೆಯ ಕಿಟ್ ಅವಳ ಹತ್ತಿರವೇ ಇರುತ್ತದೆ. 12 ವಾರದೊಳಗೆ ಹೆಸರು ಬರೆಸಿದರೆ ತಾಯಿ ಕಾರ್ಡ್ ಕೈಗೆ ಬರುತ್ತದೆ. ರಕ್ತದ ಗುಂಪು, ರಕ್ತದೊತ್ತಡ, ಸಕ್ಕರೆ, ಎಚ್‌ಐವಿ, ಮೂತ್ರ ಎಲ್ಲವೂ ಒಮ್ಮೆ ನೋಡಿದಂತಾಗುತ್ತದೆ. ಫೋಲಿಕ್ ಆಮ್ಲದ ಗುಳಿಗೆ ಕೂಸಿನ ಬೆನ್ನುಹುರಿಗೆ ಬೇಕಾಗುವುದು ಈ ಮೊದಲ ದಿನಗಳಲ್ಲೇ.

2. ಎರಡನೆಯ ಕಿವಿ ಅತ್ತೆಯದು

ಸೊಸೆಗೆ ಎಷ್ಟು ಬುದ್ಧಿ ಹೇಳಿದರೂ ಮನೆಯಲ್ಲಿ ಹಾಲಿನ ಲೋಟ ಯಾರ ಕೈಗೆ ಹೋಗಬೇಕು ಎಂದು ತೀರ್ಮಾನಿಸುವವಳು ಅತ್ತೆ. ಅವಳನ್ನು ದಾಟಿ ಹೋದಾಗಲೆಲ್ಲ ನನ್ನ ಕೆಲಸ ಕೆಟ್ಟಿದೆ. ಆಮೇಲಾಮೇಲೆ ನಾನು ಮೊದಲು ಅತ್ತೆಯ ಪಕ್ಕ ಕಟ್ಟೆಯ ಮೇಲೆ ಕೂತು ಅವಳ ಹೆರಿಗೆಗಳ ಕಥೆ ಕೇಳತೊಡಗಿದೆ. "ನನಗ ಎಂಟು ಹಡದು ಐದು ಉಳದಾವ ನೋಡ್ರಿ" ಎಂದು ಹೇಳುವಾಗ ಒಬ್ಬ ಮುದುಕಿಯ ಕಣ್ಣಲ್ಲಿ ನೀರು ಬಂತು. ಉಳಿಯದ ಮೂರರ ಬಗ್ಗೆ ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮರುದಿನ ಸೊಸೆಯನ್ನು ಕರೆದುಕೊಂಡು ಉಪಕೇಂದ್ರಕ್ಕೆ ಬಂದವಳು ಅವಳೇ.

3. ತಾರೀಖು ಮರೆತವರಿಗೆ ಹಬ್ಬ ನೆನಪಿರುತ್ತದೆ

ಕೊನೆಯ ಮುಟ್ಟಿನ ತಾರೀಖು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. "ಪಂಚಮಿ ಮುಂದೋ ಹಿಂದೋ? ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ದೇನು?" ಎಂದು ಕೇಳಿದರೆ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನನ್ನ ಚೀಲದಲ್ಲಿ ಎರಡು ವರ್ಷದ ಕನ್ನಡ ಕ್ಯಾಲೆಂಡರು ಸದಾ ಇರುತ್ತಿತ್ತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ. ಆ ದಿನ ಆಗಸ್ಟ್ 9 ಆಗಿದ್ದರೆ ಹೆರಿಗೆ ಮೇ 16ರ ಆಸುಪಾಸು. ನಮ್ಮ ಜಿಲ್ಲೆಯ ಸುಡು ಬಿಸಿಲಿನ ಹೆರಿಗೆ ಅದು. ಗಾಳಿಯಾಡುವ ಕೋಣೆ ಬೇಕು, ಕುಡಿಯುವ ನೀರು ಮನೆಯಲ್ಲಿ ಕೂಡಿಟ್ಟಿರಬೇಕು. ದಿನ ತಿಳಿದರೆ ಸಿದ್ಧತೆಗೂ ಒಂದು ಆಕಾರ ಬರುತ್ತದೆ.

4. ಕಬ್ಬಿಣದ ಗುಳಿಗೆಗೆ ಇಂಡಿಯ ಲಿಂಬೆ

ಹಂಚಿದ ಗುಳಿಗೆ ಹೊಟ್ಟೆ ಸೇರಿದೆ ಎಂದು ನಂಬಿ ನಾನು ವರ್ಷಗಟ್ಟಲೆ ಮೋಸಹೋದೆ. ಮಣ್ಣಿನ ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟ ಗುಳಿಗೆಯ ಪಟ್ಟಿಗಳನ್ನು ಕಂಡ ಮೇಲೆ ಕಾರಣ ಕೇಳಲು ಕಲಿತೆ. ಒಬ್ಬಳಿಗೆ ವಾಂತಿ. ಒಬ್ಬಳಿಗೆ ಮಲ ಕಪ್ಪಾಯಿತೆಂಬ ಹೆದರಿಕೆ. ಬಹಳ ಮಂದಿಗೆ "ಕೂಸು ಕರ್ರಗ ಹುಟ್ಟತೈತಿ" ಎಂಬ ಮಾತು. ಗುಳಿಗೆಯಿಂದ ಕೂಸಿನ ಬಣ್ಣ ಬದಲಾಗುವುದಿಲ್ಲ. ಮಲ ಕಪ್ಪಾಗುವುದು ಸಹಜ, ಅದರಿಂದ ಕೇಡಿಲ್ಲ.

ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಗುಳಿಗೆ, ಹೆರಿಗೆಯ ನಂತರ ಮತ್ತೆ 180. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಂತಿ ಕಡಿಮೆ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಗುಳಿಗೆಯ ಜೊತೆಯೂ ಬೇಡ. ಲಿಂಬೆ ಹಿಂಡಿದ ನೀರಿನೊಂದಿಗೆ ನುಂಗಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿ ಲಿಂಬೆ ನಮ್ಮ ಹೊಲಗಳಲ್ಲೇ ಬೆಳೆಯುತ್ತದೆ. ಜೋಳದ ರೊಟ್ಟಿ, ರಾಜಗಿರಿ ಪಲ್ಯ, ಮೆಂತ್ಯೆ, ಶೇಂಗಾ ಹಿಂಡಿಯನ್ನೂ ದೂರ ಹುಡುಕಬೇಕಿಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ, ಹಾಲು, ಮೊಟ್ಟೆಯೂ ಸಿಗುತ್ತವೆ. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಬಸುರಿಯ ಊಟ ಕಡಿಮೆ ಮಾಡಬೇಡಿ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳನ್ನು ಉಳಿಸಿಕೊಳ್ಳುವ ಕಷ್ಟ ನನಗೆ ಗೊತ್ತು.

5. ದುಡಿಯಲು ಹೊರಟವಳ ಕಾರ್ಡು ಟ್ರಂಕಿನಲ್ಲಿ ಉಳಿಯಬಾರದು

ದಸರೆ, ದೀಪಾವಳಿ ಮುಗಿದರೆ ನಮ್ಮ ತಾಂಡಾಗಳು ಅರ್ಧ ಖಾಲಿ. ಗೋವಾ, ಪುಣೆ, ಮುಂಬೈ, ಮಹಾರಾಷ್ಟ್ರದ ಕಬ್ಬಿನ ಹೊಲಗಳು. ಬಸುರಿಯರೂ ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಮುದ್ದೇಬಿಹಾಳ ಕಡೆಯ ಒಂದು ತಾಂಡಾದಲ್ಲಿ ನಾನು ಹೆಸರು ಬರೆದುಕೊಂಡ ಹೆಣ್ಣುಮಗಳೊಬ್ಬಳು ಮುಂದಿನ ಭೇಟಿಗೆ ಸಿಗಲಿಲ್ಲ. ಯುಗಾದಿಗೆ ತಿರುಗಿ ಬಂದಾಗ ಅವಳ ತೊಡೆಯ ಮೇಲೆ ಕೂಸಿತ್ತು. ಆದರೆ ಅದಕ್ಕೆ ಒಂದು ಲಸಿಕೆಯೂ ಬಿದ್ದಿರಲಿಲ್ಲ. ತಾಯಿ ಕಾರ್ಡು ಬೀಗ ಹಾಕಿದ ಮನೆಯ ಟ್ರಂಕಿನಲ್ಲೇ ಇತ್ತು.

ಆಮೇಲೆ ನಾನು ದಸರೆಗೆ ಮುನ್ನವೇ ತಾಂಡಾ ಸುತ್ತತೊಡಗಿದೆ. ಯಾರು ಎಲ್ಲಿಗೆ ಹೊರಟಿದ್ದಾರೆ, ಕೂಲಿಗೆ ಕರೆದೊಯ್ಯುವ ಮುಕಾದಮನ ಫೋನ್ ನಂಬರೇನು, ದಿನ ತುಂಬುವುದು ಯಾವಾಗ ಎಂದು ಬರೆದುಕೊಳ್ಳುತ್ತಿದ್ದೆ. ಅವರ ಗಂಟಿನಲ್ಲಿ ಗುಳಿಗೆಯೂ ಕಾರ್ಡೂ ಇವೆಯೇ ಎಂದು ಕಣ್ಣಾರೆ ನೋಡುತ್ತಿದ್ದೆ. ಹೋದ ಊರಿನ ಸರಕಾರಿ ದವಾಖಾನೆಯಲ್ಲಿ ಆ ಕಾರ್ಡು ತೋರಿಸಿದರೆ ಅಲ್ಲಿನ ಡಾಕ್ಟರಿಗೆ ಇವಳ ಹಿಂದಿನ ತಪಾಸಣೆಯೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಏಳು ತಿಂಗಳು ದಾಟಿದವಳು ಕಬ್ಬು ಕಡಿಯಲು ಹೋಗಲೇಬಾರದು. ಆ ಮಾತನ್ನು ಗಂಡನಿಗೆ ನಾನೇ ಎದುರು ನಿಂತು ಹೇಳಿದ್ದೇನೆ.

6. ಬಚ್ಚಿಟ್ಟ ಬಸಿರಿನ ಹಿಂದೆ ಬಚ್ಚಿಟ್ಟ ವಯಸ್ಸು

ಕೆಲವು ಮನೆಗಳಲ್ಲಿ ಸುದ್ದಿ ಮುಚ್ಚಿಡುವುದು ದೃಷ್ಟಿಗೆ ಹೆದರಿ ಅಲ್ಲ, ಕಾನೂನಿಗೆ ಹೆದರಿ. ಹುಡುಗಿಗೆ ಇನ್ನೂ 18 ತುಂಬಿರುವುದಿಲ್ಲ. ಎಳೆಯ ಮೈಯಲ್ಲಿ ರಕ್ತದೊತ್ತಡ ಏರುವ, ಫಿಟ್ಸ್ ಬರುವ, ದಿನ ತುಂಬದೆ ಹೆರಿಗೆಯಾಗುವ ಅಪಾಯ ಹೆಚ್ಚು. ಇವಳಿಗೇ ಎಲ್ಲರಿಗಿಂತ ಮೊದಲು ಡಾಕ್ಟರು ಬೇಕು. ಎಲ್ಲರಿಗಿಂತ ಕೊನೆಗೆ ಬರುವವಳೂ ಇವಳೇ. ಕಾನೂನು ತನ್ನ ಕೆಲಸ ಮಾಡುತ್ತದೆ, ಅದನ್ನು ತಪ್ಪಿಸಲು ಹೋಗಿ ಹುಡುಗಿಯ ಜೀವ ಪಣಕ್ಕಿಡಬೇಡಿ. ಮದುವೆಯ ಮಾತು ನಡೆಯುತ್ತಿರುವಾಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

7. ಗಂಡೋ ಹೆಣ್ಣೋ ಎಂದು ಕೇಳಬೇಡಿ

ಎರಡು ಹೆಣ್ಣು ಹಡೆದವಳು ಮೂರನೆಯ ಸಲದ ಸುದ್ದಿಯನ್ನು ಯಾಕೆ ಬಚ್ಚಿಡುತ್ತಾಳೆ ಎಂದು ತಿಳಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಹೇಳುವವರಿಗೂ ಶಿಕ್ಷೆಯಿದೆ, ಕೇಳುವವರಿಗೂ ಇದೆ. ಸ್ಕ್ಯಾನಿಂಗ್ ಇರುವುದು ಕೂಸಿನ ಬೆಳವಣಿಗೆ ನೋಡಲು. ಅತ್ತೆ, ನಾದಿನಿ, ಓಣಿಯ ಹೆಣ್ಣುಮಕ್ಕಳಿಗೆ ನನ್ನದೊಂದು ವಿನಂತಿ: ಬಸುರಿಯನ್ನು ಕಂಡಾಗ "ಉಂಡಿಯೇನವ್ವಾ?" ಎಂದು ಕೇಳಿ. ಅವಳಿಗೆ ಬೇಕಾದ ಪ್ರಶ್ನೆ ಅದೊಂದೇ.

8. ಕುಬಸದ ಉಡಿಯಲ್ಲಿ ಒಂದು ಚೀಟಿ

ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತೇವೆ. ಹಸಿರು ಸೀರೆ, ಹಸಿರು ಬಳೆ, ತುಂಬಿದ ಉಡಿ. ಗುಟ್ಟಾಗಿದ್ದ ಸುದ್ದಿ ಊರ ಸಂಭ್ರಮವಾಗುವ ದಿನ ಅದು. ಎರಡೂ ಕಡೆಯ ಬೀಗರು ಒಂದೇ ಅಂಗಳದಲ್ಲಿ ಕೂತಿರುತ್ತಾರೆ. ಹೆರಿಗೆಯ ಮಾತು ಇತ್ಯರ್ಥ ಮಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಕರೆದ ಕುಬಸಗಳಿಗೆಲ್ಲ ನಾನು ಹೋಗುತ್ತಿದ್ದೆ. ಉಡಿ ತುಂಬುವಾಗ ಕೊಬ್ಬರಿ, ಉತ್ತತ್ತಿಯ ಜೊತೆ ಒಂದು ಚೀಟಿಯನ್ನೂ ಹಾಕಿಸುತ್ತಿದ್ದೆ. ಅದರಲ್ಲಿ ಐದೇ ಸಾಲು: ಹೆರಿಗೆ ಯಾವ ದವಾಖಾನೆಯಲ್ಲಿ? 108 ಬರುವುದು ತಡವಾದರೆ ಯಾರ ಗಾಡಿ? ಅವಳ ರಕ್ತದ ಗುಂಪು ಯಾವುದು, ರಕ್ತ ಕೊಡುವ ಇಬ್ಬರು ಯಾರು? ಜೊತೆಗೆ ಹೋಗುವವರು ಯಾರು, ಮನೆಯ ಮಕ್ಕಳನ್ನೂ ದನಗಳನ್ನೂ ನೋಡಿಕೊಳ್ಳುವವರು ಯಾರು? ಕೈಯಲ್ಲಿ ಎಷ್ಟು ಹಣವಿದೆ?

ಚೊಚ್ಚಲ ಹೆರಿಗೆ ತವರಲ್ಲಿ. ಇಂಡಿ, ಚಡಚಣದ ಎಷ್ಟೋ ಸೊಸೆಯರ ತವರು ಗಡಿಯಾಚೆ ಜತ್ತದಲ್ಲೋ ಅಕ್ಕಲಕೋಟೆಯಲ್ಲೋ ಇರುತ್ತದೆ. ಎಂಟನೆಯ ತಿಂಗಳಲ್ಲಿ ಗಂಡನ ಊರಿನ ಆಶಾ ಕೈಬಿಟ್ಟು, ತವರೂರಿನ ಆಶಾಗೆ ತಿಳಿಯದೆ, ನಡುವೆ ಒಬ್ಬಂಟಿಯಾದ ಬಸುರಿಯರನ್ನು ನಾನು ಕಂಡಿದ್ದೇನೆ. ತವರು ಮುಟ್ಟಿದ ದಿನವೇ ಅಲ್ಲಿಯ ಆಶಾಗೆ ಹೇಳಿ. 2011ರಿಂದ ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಡಾಕ್ಟರರೇ ಬಸುರಿಯರನ್ನು ತಪಾಸಣೆ ಮಾಡುತ್ತಾರೆ. ಗಂಡನಾದವನು ಅವತ್ತೊಂದು ದಿನ ಹೊಲ ಬಿಟ್ಟು ಜೊತೆಗೆ ಬರಲಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾವು, ರಕ್ತ ಕಾಣುವುದು, ನೀರು ಒಡೆಯುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು ಎಂಬುದು ಅವನಿಗೆ ಬಾಯಿಪಾಠವಾಗಿರಲಿ. ಮಳೆಗಾಲದಲ್ಲಿ ಡೋಣಿ ನದಿ ಉಕ್ಕಿದರೆ ತಾಳಿಕೋಟಿ ಕಡೆಯ ದಾರಿಗಳು ಮುಳುಗುತ್ತವೆ. ಅಲ್ಲಿಯವರು ದಿನ ಹತ್ತಿರ ಬಂದಾಗ ಪಟ್ಟಣದ ನೆಂಟರ ಮನೆಗೆ ಮೊದಲೇ ಹೋಗಿ ಇರುವುದು ಲೇಸು.

9. ಕೂಸಿಗೆ ಬೇಕಾದದ್ದು ಕಡಿಮೆ, ಬೇಡವಾದದ್ದು ಬಹಳ

ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಒಂದು ಕುಂಚಿಗೆ, ಒಂದು ಕೌದಿ. ಎಲ್ಲವನ್ನೂ ಒಗೆದು ಬಿಸಿಲಲ್ಲಿ ಒಣಗಿಸಿ ಗಂಟು ಕಟ್ಟಿಡಿ, ಅದರಲ್ಲೇ ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕವೂ ಇರಲಿ. ಚಳಿಗಾಲಕ್ಕೆ ಕುಂಚಿಗೆ ಸರಿ, ಮೇ ತಿಂಗಳ ಸೆಕೆಯಲ್ಲಿ ಮೂರು ಪದರ ಸುತ್ತಿದರೆ ಕೂಸಿಗೆ ಮೈಬಿಸಿಯೇರುತ್ತದೆ.

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕುಡಿಸಬೇಕು. ಹಳದಿ ಬಣ್ಣದ ಆ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದನ್ನು ನಾನು ಎಷ್ಟೋ ಮನೆಗಳಲ್ಲಿ ತಡೆದಿದ್ದೇನೆ. ಜೇನು, ಸಕ್ಕರೆ ನೀರು, ಹರಳೆಣ್ಣೆ, ಘುಟ್ಟಿ ಯಾವುದೂ ಬೇಡ. ಆರು ತಿಂಗಳು ಎದೆಹಾಲೊಂದೇ ಸಾಕು. ಮೊದಲ ದಿನ ಎರೆಯುವ ಅವಸರ ಬೇಡ. ಬಾಣಂತಿಯ ಹೊರಸಿನ ಕೆಳಗೆ ಕೆಂಡ, ಹೊಗೆ ಬೇಡ, ಕೂಸಿನ ಪುಟ್ಟ ಎದೆ ಅದನ್ನು ತಾಳುವುದಿಲ್ಲ. ಹೊಟ್ಟೆ ಉಬ್ಬಿತೆಂದು ಕಾಸಿದ ಸೂಜಿಯಿಂದ ಚುಟಿಗಿ ಹಾಕುವುದಂತೂ ಎಂದಿಗೂ ಬೇಡ. ಸುಟ್ಟ ಗಾಯದ ಕೂಸನ್ನು ನಾನು ಎತ್ತಿಕೊಂಡು ಓಡಿದ ಆ ರಾತ್ರಿ ಇನ್ನೂ ಮರೆತಿಲ್ಲ. ಅಂಟಿನ ಉಂಡಿ, ಆಳವಿ ಪಾಯಸ ಧಾರಾಳವಾಗಿ ಮಾಡಿಕೊಡಿ. ಒಳ್ಳೆಯದೆಲ್ಲ ನಮ್ಮ ಸಂಪ್ರದಾಯದಲ್ಲೇ ಇದೆ, ಆರಿಸಿಕೊಳ್ಳಬೇಕಷ್ಟೇ. ತೊಟ್ಟಿಲು ಹಾಕುವ ಗಡಿಬಿಡಿಯಲ್ಲಿ ಜನನ ನೋಂದಣಿ ಮರೆಯಬೇಡಿ, 21 ದಿನದೊಳಗೆ ಮಾಡಿಸಿ.

10. ಕೂಸಿಲ್ಲದ ಮನೆಗೂ ಹೋಗಬೇಕು

ಇದು ನಾನು ಎಲ್ಲಕ್ಕಿಂತ ತಡವಾಗಿ ಕಲಿತ ಪಾಠ. ಬಸಿರು ನಿಲ್ಲದಿದ್ದಾಗ, ಕೂಸು ಉಳಿಯದಿದ್ದಾಗ ನಮ್ಮ ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಿದ್ದೆವು. ಬಾಗೇವಾಡಿ ಕಡೆಯ ಒಬ್ಬ ಹೆಣ್ಣುಮಗಳು ಎರಡು ವರ್ಷದ ನಂತರ ನನ್ನ ಕೈ ಹಿಡಿದು, "ಆವಾಗ ಒಂದ ಸಲಾನೂ ಬರಲಿಲ್ಲಲ್ರಿ ಅಕ್ಕಾರ" ಎಂದಳು. ಸುದ್ದಿಯನ್ನು ಯಾರಿಗೂ ಹೇಳದ ಕಾರಣ ಅವಳ ದುಃಖವನ್ನೂ ಯಾರೂ ಕೇಳಿರಲಿಲ್ಲ. ಮೂರು ತಿಂಗಳು ಮುಚ್ಚಿಟ್ಟ ಸುದ್ದಿಯ ಭಾರವನ್ನು ಅವಳೊಬ್ಬಳೇ ಹೊತ್ತಿದ್ದಳು. ಅಂದಿನಿಂದ ಅಂಥ ಮನೆಗಳಿಗೆ ಮೊದಲು ಹೋದೆ. ರಕ್ತ ನೋಡಿದೆ, ಗುಳಿಗೆ ಕೊಟ್ಟೆ, ಸುಮ್ಮನೆ ಪಕ್ಕದಲ್ಲಿ ಕೂತೆ. ಅವಳ ತಪ್ಪು ಏನೂ ಇಲ್ಲ ಎಂದು ಅತ್ತೆಯ ಎದುರಿಗೇ ಹೇಳಿದೆ.

ಈ ಬರಹ ಓದುತ್ತಿರುವ ತಂಗಿಯರಲ್ಲಿ ಯಾರಿಗಾದರೂ ಈ ತಿಂಗಳು ಮುಟ್ಟು ನಿಂತಿದ್ದರೆ, ನಾಳೆ ಬೆಳಿಗ್ಗೆ ನಿಮ್ಮ ಓಣಿಯ ಆಶಾಳ ಮನೆ ಬಾಗಿಲು ಬಡಿಯಿರಿ. ಊರಿಗೆ ಹೇಳಲು ಕುಬಸದವರೆಗೂ ಸಮಯವಿದೆ. ಅವಳಿಗೆ ಮಾತ್ರ ನಾಳೆಯೇ ಹೇಳಿ.